ಅಪ್‌ಡೇಟ್: ಬಸ್‌ಸ್ಟಾಪಿನ ಅಕ್ಕ ಈಗ ನನ್ನ ಗೆಳತಿ

ಜುಲೈನಲ್ಲಿ ಕೇಳಿದ್ದೆ: ಮಡಿಕೇರಿಗೆ ಬಂದು ಎರಡು ವರ್ಷವಾದರೂ ಎಲ್ಲರ ಜೊತೆ "ಏನ್ ಮಳೆ ಅಲ್ವಾ" ಅನ್ನುವಲ್ಲಿಗೇ ಮಾತು ನಿಲ್ಲುತ್ತದೆ, ಸ್ನೇಹ ಬೆಳೆಯುವುದು ಹೇಗೆ ಅಂತ. "ಸಣ್ಣದೊಂದು ಸಹಾಯ ಕೇಳಿ ನೋಡಿ" ಎಂದವರಿಗೆ ಮೊದಲು ನಮಸ್ಕಾರ.

ದಿನಾ ಬಸ್‌ಸ್ಟಾಪಿನಲ್ಲಿ ಸಿಗುವ ಅಕ್ಕನನ್ನು ಕೇಳಿಯೇಬಿಟ್ಟೆ, "ಅಕ್ಕಾ, ಒಳ್ಳೆ ಕಾಚಂಪುಳಿ ಎಲ್ಲಿ ಸಿಗುತ್ತೆ?" (ಕೊಡಗಿನ ಅಡುಗೆಗೆ ಹಾಕುವ ಹುಳಿರಸ ಅದು.)

"ಅಂಗಡೀದು ಯಾಕೆ? ಮನೇದೇ ತರ್ತೇನೆ. ಶುಕ್ರವಾರ ಒಟ್ಟಿಗೆ ಸಂತೆಗೆ ಹೋಗುವ."

ತಂದರು. ಹಳೇ ಔಷಧಿ ಬಾಟಲಿ, ಬಾಯಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದರು. ಒಳಗೆ ಕಪ್ಪಗೆ, ಜೇನಿನಷ್ಟು ಮಂದ. ಆಮೇಲೆ ಶುಕ್ರವಾರ ಬಂತೆಂದರೆ ಸಂತೆ. ಜನವರಿಯಲ್ಲಿ ಅವರ ಕಣದಲ್ಲಿ ಕಾಫಿ ಹರವಿ ಒಣಗಿಸುವಾಗ ಜೊತೆಗೆ ನಿಂತೆ. ಹಣ್ಣು ಎಳೆಯುತ್ತಾ, ಮುಖ ನೋಡದೆಯೇ, ತೀರಿಹೋದ ಅಮ್ಮನ ವಿಷಯ ಹೇಳಿದರು. ನಾನೂ ಯಾರಿಗೂ ಹೇಳದ್ದನ್ನು ಹೇಳಿದೆ. ಕೈಗೆ ಕೆಲಸವಿದ್ದರೆ ಮನಸ್ಸಿನ ಮಾತು ಸಲೀಸಾಗಿ ಬರುತ್ತದೆ, ಇದು ನಾನು ಕಂಡದ್ದು.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ, ಪರಿಚಯ ಸ್ನೇಹಕ್ಕೆ ತಿರುಗಲು ಸುಮಾರು 50 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಒಡನಾಟ ಬೇಕು ಎಂದಿದ್ದಾರೆ. ಎರಡು ವರ್ಷದ ನನ್ನ ಮಳೆಮಾತು ಒಟ್ಟು ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ.

ಆಫೀಸಿನವರ ಜೊತೆ ಇನ್ನೂ ಹಾಗೇ ಇದೆ. ಆದರೆ ಹೋದ ವಾರ ಜ್ವರ ಬಂದಾಗ, ಫೋನೂ ಮಾಡದೆ ಅಕ್ಕ ಕರಿಮೆಣಸಿನ ಕಷಾಯ ಹಿಡಿದು ಬಾಗಿಲಲ್ಲಿ ನಿಂತಿದ್ದರು.