ಲಗ್ನಪತ್ರಿಕೆಯ ಬಳ್ಳಿ ಅಕ್ಷರದ ಬಗ್ಗೆ ಒಂದು ಉದ್ದದ ಉತ್ತರ

ಪುಟ್ಟಿ, ಬೆಳಿಗ್ಗೆ ನೀನು ಮನೆಯವರ ಗುಂಪಿಗೆ ಹಾಕಿದ ಲಗ್ನಪತ್ರಿಕೆಯ ಮಾದರಿ ನೋಡಿದೆ. ಇಂಗ್ಲಿಷಿನ ಇಡೀ ಪತ್ರಿಕೆ ಗ್ರೇಟ್ ವೈಬ್ಸ್ ಎಂಬ, ಬಳ್ಳಿಯಂತೆ ಬಳುಕುವ ಅಕ್ಷರದ ಫಾಂಟಿನಲ್ಲಿದೆ. ಛತ್ರದ ಹೆಸರೇ ಓದಲಾಗುತ್ತಿಲ್ಲ ಎಂದು ಭಾವನವರು ಹೇಳಿದರು, ನೀನು ಮುನಿಸಿಕೊಂಡೆ. ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಲೇ ಕೂದಲು ಹಣ್ಣಾದವಳು ನಾನು. ಉದ್ದವಾಯಿತು ಎನ್ನದೆ ಈ ಅತ್ತೆಯ ಮಾತನ್ನೂ ಕೇಳು.

ಫಾಂಟನ್ನು ಚೆನ್ನಾಗಿಯೇ ಆರಿಸಿದ್ದೀಯ. ಆ ಚೆಲುವು ಚೂಪು ಮೊನೆಯ ಲೇಖನಿಯದು: ಕೆಳಗೆ ಎಳೆಯುವಾಗ ಒತ್ತಿದರೆ ನಿಬ್ಬಿನ ಸೀಳು ಅಗಲಿ ಗೆರೆ ದಪ್ಪವಾಗುತ್ತದೆ, ಮೇಲಕ್ಕೆ ಹೋಗುವಾಗ ಕೂದಲೆಳೆಯಷ್ಟೇ ಉಳಿಯುತ್ತದೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬರವಣಿಗೆ ಕಲಿಸುವ ಗುರುಗಳ ಕೈಬರಹವನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತಿದ್ದರು. ಈ ಶೈಲಿಗೆ ಕಾಪರ್‌ಪ್ಲೇಟ್ ಎಂಬ ಹೆಸರು ಬಂದದ್ದು ಹಾಗೆ.

ನಮಗೆ ತೊಂದರೆ ಕೊಡುವುದೂ ಆ ಕೂದಲೆಳೆಯೇ. ಸಣ್ಣ ಅಳತೆಯಲ್ಲಿ, ಒರಟು ಹಾಳೆಯಲ್ಲಿ, ಅದರಲ್ಲೂ ಕುಂಕುಮ ಬಣ್ಣದ ಮೇಲೆ ಚಿನ್ನದ ಫಾಯಿಲ್ ಒತ್ತಿಸಿದರೆ ತೆಳು ಗೆರೆ ಅಲ್ಲಲ್ಲಿ ಕಡಿದುಹೋಗುತ್ತದೆ. ಇನ್ನು ಇನಿಷಿಯಲ್‌ಗಳ ಗತಿ ನೋಡು. ಈ ಫಾಂಟಿನ ದೊಡ್ಡಕ್ಷರ ಬಾಲ ಬೀಸಿಕೊಂಡು ನಿಲ್ಲುವುದು, ಹಿಂದೆ ಸಣ್ಣಕ್ಷರಗಳು ಕೈಹಿಡಿದು ಬರುತ್ತವೆ ಎಂಬ ಲೆಕ್ಕದಲ್ಲಿ. ನಮ್ಮ ಮನೆಯ ಗಂಡಸರಿಗೋ ಊರಿನದೊಂದು, ತಂದೆಯದೊಂದು, ತಾತನದೊಂದು! ಬಾಲಕ್ಕೆ ಬಾಲ ಸುತ್ತಿಕೊಂಡು ದೊಡ್ಡಪ್ಪನ ಹೆಸರು ಯಾರದೋ ರುಜುವಿನಂತೆ ಕಾಣುತ್ತಿದೆ. ಹಾಗಾಗಿ ವಧೂವರರ ಹೆಸರನ್ನು ಮಾತ್ರ ಈ ಅಕ್ಷರದಲ್ಲಿ ದೊಡ್ಡದಾಗಿ ಇಡು. ಮುಹೂರ್ತ, ಆರತಕ್ಷತೆ, ಛತ್ರ, ಫೋನ್ ನಂಬರು ಎಲ್ಲವೂ ನೇರ ಅಕ್ಷರದಲ್ಲಿರಲಿ.

ಇನ್ನೂ ವೈಭವ ಬೇಕೆಂದರೆ ನಿನ್ನ ಆಪಲ್ ಕಂಪ್ಯೂಟರಿನಲ್ಲೇ ಜಪ್ಫಿನೋ (Zapfino) ಎಂಬ ಫಾಂಟ್ ಇದೆ. ಜರ್ಮನಿಯ ಹರ್ಮನ್ ಜಪ್ಫ್ ಎಂಬ ಅಕ್ಷರ ಕಲಾವಿದರ ಕೈಬರಹದ ಮೇಲೆ ರೂಪಿಸಿದ್ದು, 1998ರಲ್ಲಿ ಬಂತು. ಅದರಲ್ಲಿ ಒಂದೊಂದು ಅಕ್ಷರಕ್ಕೂ ಹಲವು ರೂಪಗಳಿವೆ. ಫಾಂಟಿನ ಹೆಸರನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡು, ಏಳಕ್ಷರವೂ ಬೆಸೆದುಕೊಂಡು ಒಂದೇ ಆಕೃತಿಯಾಗುತ್ತದೆ. ಆದರೆ ಅದು ಜಾಗ ನುಂಗುತ್ತದೆ, ಮೇಲೆ ಕೆಳಗೆ ಧಾರಾಳವಾಗಿ ಖಾಲಿ ಬಿಡಬೇಕು.

ಅಕ್ಕ, ಗ್ರೇಟ್ ವೈಬ್ಸನ್ನೇ ಕನ್ನಡಕ್ಕೂ ಹಾಕಿಸಿ ಎಂದಿರಲ್ಲ, ಅದು ಆಗದು. ಆ ಫಾಂಟಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಕಂಪ್ಯೂಟರು ಸದ್ದಿಲ್ಲದೆ ಬೇರೊಂದನ್ನು ತಂದು ಕೂರಿಸುತ್ತದೆ, ನಾವು ಅದೇ ಬಂತೆಂದು ಭಾವಿಸುತ್ತೇವೆ. ಅಲ್ಲದೆ ನಮ್ಮ ಅಕ್ಷರಗಳು ಒಂದರ ಕೈ ಒಂದು ಹಿಡಿಯುವುದಿಲ್ಲ. ಬಳುಕೆಲ್ಲ ಅಕ್ಷರದ ಒಳಗೇ ಇದೆ, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಲಕ್ಷ್ಮೀನಾರಾಯಣ ಎಂದು ಬರೆದರೆ ಷಕಾರ, ಮಕಾರ ಎರಡೂ ಕೆಳಗಿಳಿಯುತ್ತವೆ. ಸಾಲುಗಳ ನಡುವೆ ಜಾಗವಿಲ್ಲದಿದ್ದರೆ ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ನವಿಲು ಎಂಬ ಕೈಬರಹದ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ, ಆದರೆ ನನ್ನ ಕಣ್ಣಿಗೆ ಅದು ಕಾಗದ ಬರೆದಂತಿದೆ, ಮದುವೆಯ ಕಳೆ ಇಲ್ಲ. ಅದರ ಬದಲು ಚಿಕ್ಕಪ್ಪನಿಂದ ಎರಡು ಹೆಸರನ್ನೂ ಬಿಳಿ ಹಾಳೆಯ ಮೇಲೆ ಕುಂಚದಲ್ಲಿ ಬರೆಸಿ, ಸ್ಕ್ಯಾನ್ ಮಾಡಿ ಕೂರಿಸು. ಚಿಕ್ಕಪ್ಪ ಬೇಡವೆನ್ನುತ್ತಾರೆ, ಬಿಡಬೇಡ.

ಫೈಲನ್ನು ಪ್ರೆಸ್ಸಿಗೆ ಕಳುಹಿಸುವ ಮೊದಲು ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಬರಿಯ ಗೆರೆಯ ಆಕೃತಿಗೆ, ಬದಲಿಸು. ಅವರಲ್ಲಿ ಈ ಫಾಂಟ್ ಇಲ್ಲದಿದ್ದರೆ ಬೇರೇನೋ ಅಚ್ಚಾಗಿ ಬರುತ್ತದೆ. ಬದಲಿಸಿದ ಮೇಲೆ ತಿದ್ದಲು ಬರುವುದಿಲ್ಲ, ಆದ್ದರಿಂದ ತಿದ್ದಬಹುದಾದ ಒಂದು ಪ್ರತಿಯನ್ನು ಬೇರೆಯಾಗಿ ಉಳಿಸಿಕೋ. ಸೋದರತ್ತೆಯ ಮನೆಯವರ ಹೆಸರು ಪಟ್ಟಿಯಲ್ಲಿ ಇನ್ನೂ ಸೇರಿಲ್ಲ.