ಸಹಾಯ ಬೇಕು: ಹಳೇ ಎಂಜಿಬಿ ಕಾರಿನ ಕಾರ್ಬುರೇಟರ್ ಕೆಲಸ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1965ರ ಎಂಜಿಬಿ ಇದೆ. ಇಂಗ್ಲೆಂಡಿನ ಎರಡು ಸೀಟಿನ ಓಪನ್ ಕಾರು, 1798 ಸಿಸಿ, ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ). ಈಗ ಐಡ್ಲಿಂಗ್ ಒಂದೇ ಸಮ ನಿಲ್ಲುತ್ತಿಲ್ಲ. ಹಿಂದಿನ ಕಾರ್ಬುರೇಟರಿನ ಫ್ಲೋಟ್ ಚೇಂಬರಿನಿಂದ (ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು) ಪೆಟ್ರೋಲ್ ತೊಟ್ಟಿಕ್ಕುತ್ತಿದೆ. 3 ಮತ್ತು 4ನೇ ಸಿಲಿಂಡರಿನ ಪ್ಲಗ್ ಬಿಚ್ಚಿದರೆ ಬರೀ ಮಸಿ. ಮುಂದಿನ ಎರಡು ಚೆನ್ನಾಗಿವೆ. ಎಥೆನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪೂ ಮೆತ್ತಗಾಗಿದೆ. ಕೆಳಗೇ ಎಕ್ಸಾಸ್ಟ್ ಇರೋದ್ರಿಂದ ಸ್ಟಾರ್ಟ್ ಮಾಡಲು ಭಯ.

ಮೈಸೂರು, ಮಂಡ್ಯ ಕಡೆ ಎರಡೂ ಕಾರ್ಬುರೇಟರ್ ಬ್ಯಾಲೆನ್ಸ್ ಮಾಡಬಲ್ಲ ಹಳೇ ಮೆಕ್ಯಾನಿಕ್ ಯಾರಾದ್ರೂ ಗೊತ್ತಾ? ಅಂಬಾಸಿಡರ್ ಕೆಲಸದಲ್ಲಿ ಪಳಗಿದವರಾದರೆ ತುಂಬಾ ಒಳ್ಳೇದು. ಅದರ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಇದೇ ವಂಶದ್ದು, ಅಲ್ವಾ? ನನ್ನ ಗಾಡಿಯ ಬ್ಯಾಟರಿ ಮಾತ್ರ ಪಾಸಿಟಿವ್ ಅರ್ತ್ (ಪ್ಲಸ್ ತುದಿಯೇ ಬಾಡಿಗೆ ಸೇರಿದೆ), ಮುಟ್ಟುವ ಮುಂಚೆ ಅದು ಗೊತ್ತಿರಬೇಕು.

ಗ್ಯಾಸ್ಕೆಟ್, ನೀಡಲ್ ವಾಲ್ವ್ ಇಂಗ್ಲೆಂಡಿನಿಂದ ತರಿಸಿದರೆ ಸಾಮಾನಿಗಿಂತ ಕೊರಿಯರ್, ಕಸ್ಟಮ್ಸ್ ಖರ್ಚೇ ಜಾಸ್ತಿ. ಇಲ್ಲೇ ಸಿಗುತ್ತದಾ ಹೇಳಿ.

ಸೈಲೆನ್ಸರ್ ಬದಲಾಯಿಸಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಸೆಕೆಂಡ್ ಗೇರಿಗೆ ಇಳಿಸಿದಾಗ ಬರುವ ಆ ಗಡಸು ಸದ್ದಿಗಾಗಿಯೇ ಇಷ್ಟೆಲ್ಲ ಖರ್ಚು ಮಾಡುತ್ತಿರುವುದು. ಗಾಡಿ ಕುವೆಂಪುನಗರದಲ್ಲಿದೆ. ಮನೆಗೇ ಬಂದು ನೋಡುವವರಿದ್ದರೆ ಮೆಸೇಜ್ ಮಾಡಿ.