ಕಾದಂಬರಿಯ ಗುಲಾಬಿಯಕ್ಕ ಕ್ಯಾಮೆರಾದ ಕಣ್ಣು ತಪ್ಪಿಸುವುದು ಹೇಗೆ?

ಕಾಪುವಿನ ಗುಮಾಸ್ತ:

ನಮಸ್ಕಾರ. ನಾನು ಉಡುಪಿ ಕಡೆಯ ಒಂದು ಸೊಸೈಟಿಯಲ್ಲಿ 31 ವರ್ಷ ಲೆಕ್ಕ ಬರೆದವ. ನಿವೃತ್ತಿಯಾದ ಮೇಲೆ ಕಾದಂಬರಿ ಬರೆಯಲು ಕೂತಿದ್ದೇನೆ. ಒಂಬತ್ತನೇ ಅಧ್ಯಾಯದಲ್ಲಿ ಗಾಡಿ ನಿಂತಿದೆ. ನೂಕುವವರು ಬೇಕು.

ಕಥೆ 2091ರದ್ದು. ನೇತ್ರಾವತಿಯಿಂದ ಗಂಗೊಳ್ಳಿಯವರೆಗೆ ‘ಒಡೆಯ’ ಎಂಬವನ ಆಳ್ವಿಕೆ. ಪ್ರತಿ ಲೈಟುಕಂಬದಲ್ಲಿ ಒಂದು ಕಣ್ಣು, ಪ್ರತಿ ಮನೆಯಲ್ಲಿ ಮಾತು ಕೇಳುವ ಒಂದು ಪೆಟ್ಟಿಗೆ. 1901ರಲ್ಲಿ ಕಟ್ಟಿದ ನಮ್ಮ ಕಾಪು ದೀಪಸ್ತಂಭದ ತುದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಣ್ಣು. ಮೀನಿನ ಬೋಟಿಗೂ ಗುರುತು ಪೆಟ್ಟಿಗೆ. (ಇದನ್ನು ನಾನು ಕಲ್ಪಿಸಬೇಕಾಗಲೇ ಇಲ್ಲ. ಇಸ್ರೋ ತಯಾರಿಸಿದ್ದು ಈಗಾಗಲೇ ಬೋಟುಗಳಲ್ಲಿದೆ. ಈಗ ಅದು ಜೀವ ಉಳಿಸಲಿಕ್ಕೆ, ನನ್ನ ಕಥೆಯಲ್ಲಿ ಹಿಡಿಯಲಿಕ್ಕೆ.)

ನಾಯಕಿ ಗುಲಾಬಿ. 58 ವರ್ಷ, ಬೀಡಿ ಕಟ್ಟುವವಳು. ಒಡೆಯನಿಂದ ತಪ್ಪಿಸಿಕೊಂಡ ಆರು ಮಂದಿಯನ್ನು ಬೋಟು ಹತ್ತಿಸಬೇಕು. ಅದಕ್ಕೆ ಯಾವ ರಾತ್ರಿ ಎಂದು ಮಲ್ಪೆಗೆ ಸುದ್ದಿ ಮುಟ್ಟಬೇಕು. ನಾನು ಮೂರು ದಾರಿ ಬರೆದೆ. ಒಂದು, ತುಳುವಿನಲ್ಲಿ ಮಾತಾಡುವುದು, ಯಂತ್ರಕ್ಕೆ ತುಳು ಬರುವುದಿಲ್ಲ. ಎರಡು, ಯಕ್ಷಗಾನದ ಬಣ್ಣ ಹಚ್ಚಿ ಮುಖ ಮರೆಸುವುದು. ಮೂರು, ಬೀಡಿ ಕಟ್ಟಿನೊಳಗೆ ಚೀಟಿ.

ತಂಗಿಯ ಮಗಳು ಓದಿ, “ಮಾವ, ಇದು ಸಿನೆಮಾ ಆಯ್ತು” ಎಂದಳು. ಎರಡು ದಿನ ಪೆನ್ನು ಮುಟ್ಟಲಿಲ್ಲ. ಗೊತ್ತಿದ್ದವರು ಹೇಳಿ, ಇವು ನಡೆಯುತ್ತವಾ?

ಏಣಿ ಹತ್ತುವವ, ಸುರತ್ಕಲ್:

ಸರ್, ನಾನು ಹನ್ನೆರಡು ವರ್ಷದಿಂದ ಸಿಸಿ ಕ್ಯಾಮೆರಾ ಕೂರಿಸುವ ಕೆಲಸದಲ್ಲಿದ್ದೇನೆ. ಬಣ್ಣದ ವಿಷಯ ಹೇಳುತ್ತೇನೆ.

ಹಳೆಯ ಸಾಫ್ಟ್‌ವೇರ್ ಮುಖದಲ್ಲಿ ಕಪ್ಪು ಎಲ್ಲಿ, ಬಿಳುಪು ಎಲ್ಲಿ ಎಂದು ನೋಡುತ್ತಿತ್ತು. ಕಣ್ಣಿನ ಗುಳಿ ಕಪ್ಪು, ಮೂಗಿನ ಏಣು ಬಿಳುಪು, ಹೀಗೆ. ಬಣ್ಣದ ವೇಷದ ಚಿಟ್ಟಿ (ಮುಖದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಚುಕ್ಕೆ) ಇಟ್ಟರೆ ಅದಕ್ಕೆ ಅಲ್ಲಿ ಮುಖ ಇದೆ ಎಂದೇ ಗೊತ್ತಾಗದೆ ಹೋಗಬಹುದಿತ್ತು. ಈಗಿನದು ಲಕ್ಷಗಟ್ಟಲೆ ಮುಖ ನೋಡಿ ಕಲಿತದ್ದು, ಅಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ. ನಡಿಗೆ ನೋಡಿ ಗುರುತು ಹಿಡಿಯುವುದೂ ಉಂಟು. ಅದೆಲ್ಲ ಬಿಡಿ ಮಾರಾಯ್ರೆ, ರಾಕ್ಷಸ ವೇಷದಲ್ಲಿ ಒಬ್ಬಳು ಉಡುಪಿ ಬಸ್ಸು ಹತ್ತಿದರೆ ಕ್ಯಾಮೆರಾ ಯಾಕೆ ಬೇಕು? ಬಸ್ಸಿಡೀ ನೋಡುತ್ತದೆ!

ಆದರೆ ಚೌಕಿ ಇದೆಯಲ್ಲ, ಅದನ್ನು ಬಿಡಬೇಡಿ. ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಬಣ್ಣ ಹಚ್ಚುವ ಜಾಗ. ಒಳಗೆ ಹೋದವನೇ ಹೊರಗೆ ಬಂದನಾ ಎಂದು ಹೇಗೆ ಹೇಳುತ್ತೀರಿ? ಅಲ್ಲಿ ಆಳು ಬದಲಾಯಿಸಬಹುದು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಮುಗಿಸಬೇಕು ಅಷ್ಟೇ, ಮತ್ತೆ ಮೇಳ ತಿರುಗಾಟಕ್ಕೆ ಹೊರಡುವುದಿಲ್ಲ.

ಇನ್ನೊಂದು. ನಿಮ್ಮ ಒಡೆಯನ ಕ್ಯಾಮೆರಾ ಕೆಡುವುದೇ ಇಲ್ಲ. ಅದನ್ನು ಮಾತ್ರ ನಾನು ನಂಬುವುದಿಲ್ಲ. ನಮ್ಮಲ್ಲಿ ಉಪ್ಪುಗಾಳಿಗೆ ಕನೆಕ್ಟರ್ ಹಸಿರು ಕಟ್ಟುತ್ತದೆ. ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ಹೆಣೆಯುತ್ತದೆ. ಬಲೆ ಗಾಳಿಗೆ ಅಲ್ಲಾಡಿದಾಗೆಲ್ಲ ಅಲಾರಂ. ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆಯಲ್ಲಂತೂ ಗಾಜಿನ ಮೇಲಿನ ಹನಿಗೆ ಅದೇ ಬೆಳಕು ಹೊಡೆದು ಪರದೆಯೆಲ್ಲ ಬೆಳ್ಳಗೆ. ನನಗೆ ಫೋನ್ ಬರುವುದೇ ಆಗ. ಹತ್ತರಲ್ಲಿ ಏಳು ಸಲ ನಾನು ಮಾಡುವುದು ಏಣಿ ಹತ್ತಿ ಬಟ್ಟೆಯಲ್ಲಿ ಒರೆಸುವುದು, ಮತ್ತೇನಿಲ್ಲ.

ಮಣಿಪಾಲದ ಹಾಸ್ಟೆಲ್:

ಅಂಕಲ್, ಬೇಜಾರು ಮಾಡಬೇಡಿ, ತುಳು ದಾರಿ ಮುಚ್ಚಿದೆ. 2024ರಲ್ಲೇ ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಸೇರಿತು. ನನ್ನ ಅಜ್ಜಿಯ ಬೈಗುಳ ಹಾಕಿ ನೋಡಿದೆ, ಅರ್ಧ ತಪ್ಪು. ಆದರೆ 2091ಕ್ಕೆ ಸರಿ ಮಾಡಿಕೊಳ್ಳುವುದಿಲ್ಲವಾ? ಕೊರಗ ಭಾಷೆ ಇಡಿ. ಅದನ್ನು ಆಡುವವರು ಕಡಿಮೆ, ಬರಹದಲ್ಲಂತೂ ಇಲ್ಲವೆನ್ನುವಷ್ಟು ಕಡಿಮೆ. ಬರಹವೇ ಇಲ್ಲದಿದ್ದರೆ ಯಂತ್ರ ಕಲಿಯುವುದು ಎಲ್ಲಿಂದ?

ಬ್ರಾಂಚಿನ ದಾರಿ:

ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಶಾಲೆ ಬಿಟ್ಟ ಮೇಲೆ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆಗೆ, ಬೀಡಿ ಕೊಂಡುಹೋಗುವುದು ನನ್ನ ಕೆಲಸ. ಅದಕ್ಕೇ ಹೇಳುತ್ತೇನೆ, ಚೀಟಿ ಅಲ್ಲಿ ದಾಟುವುದಿಲ್ಲ. ಕಟ್ಟಿಗೆ 25 ಬೀಡಿ. ಚೆಕ್ ಮಾಡುವವರು ಹಿಚುಕಿ ನೋಡುತ್ತಾರೆ. ಸಡಿಲ ಇದ್ದರೆ, ಎಲೆ ಒಡೆದಿದ್ದರೆ ಪಕ್ಕಕ್ಕೆ ಎಸೆಯುತ್ತಾರೆ. ಅದರ ದುಡ್ಡು ಹೋಯಿತು. ಅವರ ಕೈಗೆ ಗೊತ್ತಾಗದ್ದು ಯಾವುದೂ ಇಲ್ಲ. ಒಡೆಯನ ಕಂಬದ ಕಣ್ಣಿಗಿಂತ ನಾವು ಹೆದರುತ್ತಿದ್ದದ್ದು ಆ ಬೆರಳಿಗೆ.

ಚೀಟಿಯೇ ಬೇಡ. ಎಷ್ಟು ಬೀಡಿ ತಿರಸ್ಕಾರವಾಯಿತು ಎಂಬುದೇ ಸುದ್ದಿಯಾಗಲಿ. ಗುಲಾಬಿಯಕ್ಕ ಬೇಕೆಂದೇ ಹದಿನಾಲ್ಕು ಬೀಡಿ ಕೆಡಿಸಲಿ. ಹದಿನಾಲ್ಕನೇ ತಾರೀಕು. ಚೆಕ್ ಮಾಡುವವ ಎಲ್ಲರೆದುರು “ಹದಿನಾಲ್ಕು ಹೋಯ್ತು” ಎಂದು ಬೈಯಲಿ. ಸಾಲಿನಲ್ಲಿ ನಿಂತ ಮಲ್ಪೆಯ ಹೆಂಗಸು ಕೇಳಿಸಿಕೊಳ್ಳಲಿ. ಸುದ್ದಿಯನ್ನು ಒಡೆಯನ ಆಳೇ ಹೇಳಿದಂತಾಯಿತು. ಆದರೆ ಹದಿನಾಲ್ಕು ಬೀಡಿ ಬೇಕೆಂದೇ ಕೆಡಿಸುವಾಗ ಅವಳ ಹೊಟ್ಟೆ ಉರಿಯಬೇಕು. ಅದನ್ನು ಬರೆಯದಿದ್ದರೆ ನಾನು ನಿಮ್ಮ ಪುಸ್ತಕ ಓದುವುದಿಲ್ಲ.

ಬಸಳೆ ಚೀಲ:

ತುರ್ತು ಪರಿಸ್ಥಿತಿ ಬಂದಾಗ, ಅಂದರೆ 1975ರ ಜೂನ್‌ನಲ್ಲಿ, ನಾನು ಮಂಗಳೂರಿನಲ್ಲಿ ಕಾಲೇಜಿನಲ್ಲಿದ್ದೆ. ಹೋರಾಟಗಾರ ಏನಲ್ಲ. ಎರಡು ಸಲ ಒಂದು ಚೀಲ ಹೊತ್ತವ, ಅಷ್ಟೇ. ಕೆಳಗೆ ಸೈಕ್ಲೋಸ್ಟೈಲ್ ಮಾಡಿದ ಕರಪತ್ರ, ಮೇಲೆ ಬಸಳೆ. ಟೈಪ್‌ರೈಟರ್ ಬಳಸುತ್ತಿರಲಿಲ್ಲ. ಒಂದೊಂದು ಯಂತ್ರದ ಅಕ್ಷರಕ್ಕೆ ಒಂದೊಂದು ಊನ ಇರುತ್ತದೆ, ಅದರಿಂದ ಹಿಡಿಯಬಹುದು. ಸ್ಟೆನ್ಸಿಲ್ ಮೇಲೆ ಕೈಯಲ್ಲೇ, ಅಕ್ಷರ ಬದಲಿಸಿ ಬರೆಯುತ್ತಿದ್ದರು.

ಹಂಪನಕಟ್ಟೆಯಿಂದ ಉಡುಪಿ ಬಸ್ಸು. ಕಂಡಕ್ಟರ್ ಚೀಲ ಎತ್ತಿ ನೋಡಿದ. ಬಸಳೆಗೆ ಅಷ್ಟು ಭಾರ ಇರುವುದಿಲ್ಲ ಎಂದು ಯಾರಿಗೆ ಗೊತ್ತಿಲ್ಲ? ನನ್ನ ಮುಖ ನೋಡಿದ. ಚೀಲವನ್ನು ತನ್ನ ಸೀಟಿನ ಅಡಿಗೆ ನೂಕಿ ಮುಂದೆ ಹೋದ. ಉಡುಪಿಯಲ್ಲಿ ಇಳಿಯುವಾಗಲೂ ಒಂದು ಮಾತಿಲ್ಲ. ಅವ ಯಾವ ಪಕ್ಷದವ, ಯಾಕೆ ಹಾಗೆ ಮಾಡಿದ, ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಕಥೆಯಲ್ಲಿ ಮೋಸಗಾರ ಯಾರು? ಪ್ರಶ್ನೆಯಲ್ಲಿ ಬರೆದಿಲ್ಲ. ಆರ್ವೆಲ್‌ರ ‘1984’ ಕಾದಂಬರಿಯಲ್ಲಿ ಪಾರ್ಸನ್ಸ್ ಎಂಬವನನ್ನು ಹಿಡಿದುಕೊಡುವುದು ಅವನ ಏಳು ವರ್ಷದ ಮಗಳು. ಪೂರ್ವ ಜರ್ಮನಿಯ ಗುಪ್ತ ಪೊಲೀಸರು, ಅಂದರೆ ಸ್ಟಾಸಿ, ಬಿಟ್ಟುಹೋದ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್. ಮಂಗಳೂರಿನಿಂದ ಉಡುಪಿಗೆ ಹೋಗಿ ವಾಪಸ್ ಬಂದಷ್ಟು ಕಾಗದ. ಅದನ್ನು ತುಂಬಿಸಿದವರಲ್ಲಿ ಅಕ್ಕಪಕ್ಕದ ಮನೆಯವರು, ಆಫೀಸಿನ ಗೆಳೆಯರು ಎಷ್ಟೋ ಮಂದಿ. ಕಂಬದ ಕಣ್ಣು ಬರುವ ಮೊದಲೇ ನಮ್ಮೂರಲ್ಲಿ “ಯಾರ ಮಗ? ಎಲ್ಲಿಗೆ ಹೊರಟದ್ದು?” ಎಂದು ಕೇಳುವವರು ಇರಲಿಲ್ವಾ?

ಕಾಪುವಿನ ಗುಮಾಸ್ತ:

ಎಲ್ಲರಿಗೂ ಉಪಕಾರ. ತುಳು ಅಧ್ಯಾಯ ಹರಿದೆ. ಕೊರಗ ಭಾಷೆ ನನಗೆ ಬರುವುದಿಲ್ಲ, ಬಾರದ್ದನ್ನು ಬರೆದರೆ ಅದು ಇನ್ನೊಂದು ಸಿನೆಮಾ. ಬಣ್ಣವೂ ಹೋಯಿತು. ಚೌಕಿಯನ್ನು ಬೇರೆ ಅಧ್ಯಾಯಕ್ಕೆ ತೆಗೆದಿಟ್ಟಿದ್ದೇನೆ.

ಹದಿನಾಲ್ಕು ಬೀಡಿ ಇಟ್ಟುಕೊಂಡೆ. ರಾತ್ರಿಯನ್ನು ಆಟಿಗೆ ತಂದೆ, ದೀಪಸ್ತಂಭದ ಕಣ್ಣು ಮಳೆಗೆ ಕುರುಡಾಗಲಿ ಎಂದು. ಆಮೇಲೆ ನೆನಪಾಯಿತು, ಜೂನ್ ಮತ್ತು ಜುಲೈ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಈಗಿನ ನಿಯಮವನ್ನು ಒಡೆಯನೂ ಬಿಟ್ಟಿಲ್ಲ ಎಂದುಕೊಂಡೆ. ಹಾಗಾಗಿ ಜುಲೈ ಹದಿನಾಲ್ಕು ಆಗುವುದಿಲ್ಲ, ಆಟಿಯೂ ಆಗ ಹುಟ್ಟಿರುವುದಿಲ್ಲ. ಆಗಸ್ಟ್ ಹದಿನಾಲ್ಕಕ್ಕೆ ಆಟಿ ಇನ್ನೂ ಇದೆ, ಆದರೆ ಬೋಟಿನಲ್ಲಿ ಗುರುತು ಪೆಟ್ಟಿಗೆ. ಕೊನೆಗೆ ನಾಡದೋಣಿಯೇ ಗತಿ. ಆರು ಮಂದಿ, ಆ ಕಡಲಲ್ಲಿ. ಇಬ್ಬರು ವಾಂತಿ ಮಾಡುತ್ತಾರೆ ಎಂದು ಬರೆದಿದ್ದೇನೆ.

ಬಸಳೆ ಚೀಲದವರೇ, ಮೋಸಗಾರ ಇದ್ದಾನೆ. ಗುಲಾಬಿಯ ಮನೆ ಎದುರಿನವ. 31 ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವ, ಊರಿನಲ್ಲಿ ಯಾರಿಗೆ ಎಷ್ಟು ಸಾಲ ಎಂದು ಬಾಯಿಪಾಠ ಇರುವವ. ಅವನ ಮಾತು ಬರೆಯಲು ನನಗೆ ಏನೂ ಕಷ್ಟವಾಗಲಿಲ್ಲ.